ಲ್ಯಾಟಿನ್ ವಾರ್ತೆಯಿಂದ ಮಂಗಳಗ್ರಹದವರೆಗೆ: ಫಿನ್‌ಲ್ಯಾಂಡಿನ ವೃಂದಗಾನ

ರೇಡಿಯೊ ವಾರ್ತೆಯನ್ನು ಹಾಡಾಗಿ ಕಟ್ಟಬಹುದೆ? ಅದೂ ಲ್ಯಾಟಿನ್ ಭಾಷೆಯ ವಾರ್ತೆಯನ್ನು? ಫಿನ್‌ಲ್ಯಾಂಡಿನ ಯಾಕ್ಕೊ ಮ್ಯಾಂಟಿಯಾರ್ವಿ 1997ರಲ್ಲಿ ಕಟ್ಟಿದರು. ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹತ್ತಾರು ಮನುಷ್ಯರು ಬರಿಗೈಯಲ್ಲಿ ನಿಂತು, ಒಂದು ವೀಣೆಯಿಲ್ಲದೆ, ಒಂದು ಮೃದಂಗವಿಲ್ಲದೆ, ಬರೀ ಕೊರಳಿನಿಂದ ಒಂದು ಸಮುದ್ರವನ್ನೇ ಎಬ್ಬಿಸುತ್ತಾರೆ!

1994ರ ಸೆಪ್ಟೆಂಬರ್ 27ರ ಸಂಜೆ 'ಎಸ್ಟೋನಿಯಾ' ಎಂಬ ಪ್ರಯಾಣಿಕರ ಹಡಗು ತಾಲಿನ್ ಬಂದರಿನಿಂದ ಸ್ಟಾಕ್‌ಹೋಮಿಗೆ ಹೊರಟಿತು. ಹಡಗಿನಲ್ಲಿದ್ದವರು 989 ಮಂದಿ. ನಡುರಾತ್ರಿ ಕಳೆದ ಮೇಲೆ, ಬಿರುಗಾಳಿಯ ಹೊಡೆತಕ್ಕೆ ಹಡಗಿನ ಮೂತಿಯ ಭಾರಿ ಕಬ್ಬಿಣದ ಮುಚ್ಚಳ ಕಿತ್ತುಕೊಂಡು ಹೋಯಿತು. ಕಾರು ಲಾರಿಗಳು ನಿಂತಿದ್ದ ಅಟ್ಟಕ್ಕೆ ನೀರು ನುಗ್ಗಿತು. ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ, ಫಿನ್‌ಲ್ಯಾಂಡಿನ ಉತೊ ದ್ವೀಪದ ದಕ್ಷಿಣಕ್ಕೆ, ಬಾಲ್ಟಿಕ್ ಸಮುದ್ರ ಅದನ್ನು ನುಂಗಿತು. 852 ಜನ ಸತ್ತರು. ಫಿನ್‌ಲ್ಯಾಂಡಿನ ಸಾರ್ವಜನಿಕ ರೇಡಿಯೊದಲ್ಲಿ ಆಗ 'ನುಂಟಿ ಲಟಿನಿ' ಎಂಬ ವಿಚಿತ್ರ ಕಾರ್ಯಕ್ರಮವೊಂದಿತ್ತು. ಜಗತ್ತಿನ ಸುದ್ದಿಯನ್ನು ಲ್ಯಾಟಿನ್‌ನಲ್ಲಿ ಓದುವ ವಾರ್ತಾಪ್ರಸಾರ ಅದು. 1989ರಿಂದ 2019ರವರೆಗೆ ನಡೆಯಿತು. ಸಹಜವಾಗಿಯೇ ಈ ದುರಂತದ ಸುದ್ದಿಯೂ ಲ್ಯಾಟಿನ್‌ನಲ್ಲಿ ಬಂತು. ಮ್ಯಾಂಟಿಯಾರ್ವಿ ಆ ವಾರ್ತೆಯನ್ನೇ ಎತ್ತಿಕೊಂಡರು. ಸತ್ತವರಿಗಾಗಿ ಚರ್ಚಿನಲ್ಲಿ ಹೇಳುವ ಪ್ರಾರ್ಥನೆಯ ಮಾತುಗಳನ್ನೂ ಬೈಬಲ್ಲಿನ 107ನೇ ಕೀರ್ತನೆಯನ್ನೂ ಅದರ ಜೊತೆ ಹೆಣೆದರು. ಕೃತಿಯ ಹೆಸರು 'ಕಾಂಟಿಕುಮ್ ಕಲಾಮಿಟಾಟಿಸ್ ಮರಿಟಿಮೆ'. ಉದ್ದ ಸುಮಾರು 12 ನಿಮಿಷ.

ಆ 12 ನಿಮಿಷದಲ್ಲಿ ಏನೇನು ನಡೆಯುತ್ತದೆ ನೋಡಿ. ಮೊದಲು ಪಿಸುಮಾತು. ಗಾಯಕರು ಒಬ್ಬೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಪ್ರಾರ್ಥನೆಯ ಪದಗಳನ್ನು ಪಿಸುಗುಟ್ಟುತ್ತಾರೆ. ಯಾವ ಪದವೂ ಕಿವಿಗೆ ಸಿಕ್ಕುವುದಿಲ್ಲ. ನೀರಿನ ಸದ್ದೋ ಜನರ ಸದ್ದೋ ತಿಳಿಯದ ಒಂದು ಸುಯ್ಲು ಮಾತ್ರ. ಅದರ ಮೇಲೆ ಒಂಟಿ ಹೆಣ್ಣುದನಿಯೊಂದು ಮಾತಿಲ್ಲದ ರಾಗವಾಗಿ ತೇಲಿ ಬರುತ್ತದೆ. ಆಮೇಲೆ ಗಂಡುದನಿಯೊಂದು ವಾರ್ತೆ ಓದಲು ಶುರುಮಾಡುತ್ತದೆ. ಓದುವುದೆಂದರೆ ಪಾದ್ರಿಗಳು ಮಂತ್ರ ಹೇಳುವ ಧಾಟಿಯಲ್ಲಿ. ಭಾವೋದ್ರೇಕವಿಲ್ಲ, ಅಳುವಿಲ್ಲ. ನಡೆದದ್ದೇನು, ಎಲ್ಲಿ, ಎಷ್ಟು ಜನ ಎಂದು ಒಣ ವರದಿಯ ಭಾಷೆ ಹಾಗೇ ಉಳಿದಿದೆ. ಹಾಗೆ ಉಳಿದದ್ದರಿಂದಲೇ ಎದೆ ಬಿರಿಯುತ್ತದೆ! ನಂತರ ಸಮುದ್ರ ಏಳುತ್ತದೆ. ಸ್ವರಗಳು ಒಂದರ ಮೇಲೊಂದು ಬಿದ್ದು ಉರುಳಿ ಏರಿ ಅಪ್ಪಳಿಸುತ್ತವೆ. ನಾವಿಕರ ಬಗ್ಗೆ ಹೇಳುವ ಆ 107ನೇ ಕೀರ್ತನೆಯಲ್ಲಿ ಬಿರುಗಾಳಿ ಶಾಂತವಾಗುತ್ತದೆ, ಕಷ್ಟದಲ್ಲಿದ್ದವರು ದಡ ಸೇರುತ್ತಾರೆ. 852 ಮಂದಿ ಸೇರಲಿಲ್ಲ. ಆ ಹಳೆಯ ಮಾತನ್ನೂ ಈ ಹೊಸ ಸುದ್ದಿಯನ್ನೂ ಮ್ಯಾಂಟಿಯಾರ್ವಿ ಅಕ್ಕಪಕ್ಕ ಇಟ್ಟಿದ್ದಾರೆ, ಅಷ್ಟೆ. ಒಂದೇ ಒಂದು ವ್ಯಾಖ್ಯಾನ ಸೇರಿಸಿಲ್ಲ. ಎಂಥ ಸಂಯಮ!

ಈ ಮನುಷ್ಯ ವೃತ್ತಿಯಿಂದ ಅನುವಾದಕ. ಸ್ವತಃ ತಪಿಯೋಲಾ ಚೇಂಬರ್ ಕಾಯರ್ ಎಂಬ ಗಾಯನವೃಂದದಲ್ಲಿ ನಿಂತು ಹಾಡಿದವರು. ಸಾಲಿನ ನಡುವೆ ನಿಂತವನಿಗೆ ಮಾತ್ರ ಗೊತ್ತಾಗುವ ಸಂಗತಿಗಳಿರುತ್ತವೆ: ಪಕ್ಕದವನ ಉಸಿರು ಎಲ್ಲಿ ಮುಗಿಯುತ್ತದೆ, ಯಾವ ಅಕ್ಷರ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ಸ್ವರಕ್ಕೆ ಹೋದರೆ ಕೊರಳು ಹಿಗ್ಗುತ್ತದೆ. ಅವರ ರಚನೆಗಳಲ್ಲಿ ಇದೆಲ್ಲ ಕೇಳಿಸುತ್ತದೆ. 1984ರಲ್ಲಿ, 21ರ ಹರೆಯದಲ್ಲೇ ಅವರು ಶೇಕ್ಸ್‌ಪಿಯರ್‌ನ ಸಾಲುಗಳಿಗೆ ನಾಲ್ಕು ಹಾಡು ಕಟ್ಟಿದ್ದರು. ಆ ನಾಲ್ಕೂ ಇವತ್ತು ಎಷ್ಟೋ ದೇಶಗಳ ಕಾಯರ್‌ಗಳ ಬಾಯಲ್ಲಿವೆ.

ಇಲ್ಲಿಂದಲೇ ನನ್ನ ಬೆರಗು ಬೆಳೆಯುತ್ತಾ ಹೋಗುವುದು. ಫಿನ್‌ಲ್ಯಾಂಡಿನ ಒಟ್ಟು ಜನಸಂಖ್ಯೆ ಸುಮಾರು 56 ಲಕ್ಷ. ಬೆಂಗಳೂರಿನ ಅರ್ಧವೂ ಆಗದು. ಅಷ್ಟು ಜನರ ನಡುವಿನಿಂದ ಇಷ್ಟೊಂದು ಹೊಸ ಸಂಗೀತ, ಇಷ್ಟೊಂದು ಧೈರ್ಯದ ಸಂಗೀತ ಹೇಗೆ ಬಂತು? ಹುಡುಕುತ್ತಾ ಹೋದಂತೆ ಉತ್ತರ ಒಂದೇ ಕಡೆಗೆ ಕರೆದೊಯ್ಯುತ್ತದೆ: ಅಲ್ಲಿ ಹೊಸ ಸಂಗೀತ ಪಂಡಿತರ ಸೊತ್ತಲ್ಲ. ಎಂಜಿನಿಯರಿಂಗ್ ಓದುವ ಹುಡುಗರು, ಶಾಲೆಯ ಮಕ್ಕಳು, ಆಫೀಸು ಮುಗಿಸಿ ಬರುವ ಗೃಹಸ್ಥರು, ಇವರೇ ಅದರ ಹಾಡುಗಾರರು. ಬದುಕಿರುವ ರಚನಕಾರ ಇವತ್ತು ಬರೆದದ್ದನ್ನು ಇವರು ನಾಳೆ ಕಲಿಯುತ್ತಾರೆ. ಹೀಗೆ ಕಾಯುತ್ತಿರುವ ಬಾಯಿಗಳಿದ್ದರೆ ಯಾವ ರಚನಕಾರ ತಾನೇ ಸುಮ್ಮನೆ ಕೂತಾನು? ವಾರ್ತೆ, ಹೆಸರಿನ ಪಟ್ಟಿ, ಗೋಡೆಬರಹ, ಪಿಸುಮಾತು, ಕಿರುಚಾಟ, ಮನುಷ್ಯನ ಬಾಯಿಂದ ಬರುವ ಯಾವುದೂ ಅಲ್ಲಿ ಹಾಡಿಗೆ ಹೊರತಾಗಿ ಉಳಿಯಲಿಲ್ಲ.

ಬೇರು ಹಳೆಯದು. 1582ರಲ್ಲಿ 'ಪಿಯೆ ಕಾಂಟಿಯೋನೆಸ್' ಎಂಬ ಲ್ಯಾಟಿನ್ ಹಾಡುಗಳ ಸಂಕಲನ ಅಚ್ಚಾಯಿತು; ತುರ್ಕು ಊರಿನ ಕ್ಯಾಥೆಡ್ರಲ್ ಶಾಲೆಯ ಹುಡುಗರು ಹಾಡುತ್ತಿದ್ದ 74 ಹಾಡುಗಳು ಅದರಲ್ಲಿವೆ. ಹೆಲ್ಸಿಂಕಿಯ ವಿದ್ಯಾರ್ಥಿಗಳ ಗಾಯನವೃಂದ 'ಅಕಾದೆಮಿಸ್ಕಾ ಸೊಂಗ್‌ಫೊರೆನಿಂಗೆನ್' ಶುರುವಾದದ್ದು 1838ರಲ್ಲಿ. ಫಿನ್ನಿಶ್ ಭಾಷೆಯಲ್ಲೇ ಹಾಡಬೇಕೆಂದು 'ಯುಲಿಯೊಪ್ಪಿಲಸ್ಕುನ್ನನ್ ಲೌಲಾಯತ್' ಎಂಬ ಇನ್ನೊಂದು ವಿದ್ಯಾರ್ಥಿವೃಂದ ಹುಟ್ಟಿದ್ದು 1883ರಲ್ಲಿ. ಅದರ ಮರುವರ್ಷವೇ ಯುವಾಸ್ಕುಲಾದಲ್ಲಿ ಮೊದಲ ದೊಡ್ಡ ಗಾಯನೋತ್ಸವ. ದೇಶ ಆಗಿನ್ನೂ ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು. ಸ್ವಾತಂತ್ರ್ಯ ಬಂದದ್ದು 1917ರಲ್ಲಿ. ಅಂದರೆ ಆ ಜನ ಒಂದು ದೇಶವಾಗುವ ಮೊದಲೇ ಒಟ್ಟಾಗಿ ಹಾಡುವುದನ್ನು ಕಲಿತಿದ್ದರು. ಸಿಬೇಲಿಯಸ್‌ನಂಥ ದೈತ್ಯ ರಚನಕಾರ ಕೂಡ ಈ ವಿದ್ಯಾರ್ಥಿಗಳ ವೃಂದಗಳಿಗಾಗಿ ಹಾಡು ಕಟ್ಟಿದ.

ಆದರೆ ನನಗೆ ಎಲ್ಲಕ್ಕಿಂತ ಅಚ್ಚರಿಯೆನಿಸುವುದು ತಪಿಯೋಲಾದ ಮಕ್ಕಳು. ಹೆಲ್ಸಿಂಕಿಯ ಪಶ್ಚಿಮಕ್ಕೆ, ಎಸ್ಪೊ ನಗರದಲ್ಲಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಮರಗಳ ನಡುವೆ ಕಟ್ಟಿದ ಬಡಾವಣೆ ತಪಿಯೋಲಾ. ಅಲ್ಲಿನ ಶಾಲೆಯ ಸಂಗೀತ ಮೇಷ್ಟ್ರು ಎರ್ಕ್ಕಿ ಪೊಹ್ಯೊಲಾ 1963ರಲ್ಲಿ ಮಕ್ಕಳ ಕಾಯರ್ ಒಂದನ್ನು ಶುರುಮಾಡಿದರು. ಶಾಲೆಯ ಕಾಯರ್ ಎಲ್ಲೂ ಇರುತ್ತದೆ, ನಿಜ. ಈ ಮೇಷ್ಟ್ರು ಮಾಡಿದ್ದೇ ಬೇರೆ. ದೇಶದ ಮುಂಚೂಣಿಯ ರಚನಕಾರರ ಮನೆ ಬಾಗಿಲಿಗೆ ಹೋಗಿ, ಈ ಮಕ್ಕಳಿಗಾಗಿ ಬರೆಯಿರಿ, ಮಕ್ಕಳೆಂದು ಸಲೀಸು ಮಾಡಬೇಡಿ ಎಂಬಂಥ ಹಟ ಹಿಡಿದರು. ಎಯ್ನೊಯುಹಾನಿ ರೌತವಾರಾ ಬರೆದರು, ಔಲಿಸ್ ಸಲ್ಲಿನೆನ್ ಬರೆದರು, ಹರ್ರಿ ವೆಸ್‌ಮನ್ ಬರೆದರು, ಒಲ್ಲಿ ಕೊರ್ತೆಕಂಗಸ್ ಬರೆದರು. ಮಕ್ಕಳು ಹಾಡುತ್ತಾ ಹಾಡುತ್ತಾ ಪಿಟೀಲು ಕೊಳಲುಗಳನ್ನೂ ತಾವೇ ನುಡಿಸಿದರು. 1971ರಲ್ಲಿ ಬಿಬಿಸಿಯ ಅಂತಾರಾಷ್ಟ್ರೀಯ ಕಾಯರ್ ಸ್ಪರ್ಧೆಯಲ್ಲಿ ಈ ಬಡಾವಣೆಯ ಮಕ್ಕಳು ಗೆದ್ದಾಗ ಜಗತ್ತು ತಿರುಗಿ ನೋಡಿತು.

ವೆಸ್‌ಮನ್ ಬರೆದ 'ವೆಸಿ ವ್ಯಾಸ್ಯು ಲುಮೆನ್ ಅಲ್ಲೆ' ಎಂಬ ಪುಟ್ಟ ಹಾಡನ್ನು ಕೇಳಿದರೆ ಆ ಮಕ್ಕಳ ದನಿಯ ಗುಟ್ಟು ತಿಳಿಯುತ್ತದೆ. ಹಿಮದ ಅಡಿಯಲ್ಲಿ ದಣಿದ ನೀರಿನ ಹಾಡು ಅದು. ಕಂಪನವಿಲ್ಲದ ನೇರ ದನಿ, ಹದವಾಗಿ ತೆರೆದ ಸ್ವರಾಕ್ಷರ. ಫಿನ್ನಿಶ್ ಭಾಷೆಯಲ್ಲೂ ನಮ್ಮ ಹಾಗೆಯೇ ಹ್ರಸ್ವ ದೀರ್ಘಗಳಿಗೆ, ಒತ್ತಕ್ಷರಗಳಿಗೆ ಬೆಲೆ ಇದೆ. ದೀರ್ಘ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಹಾಗಾಗಿ ಅಲ್ಲಿನ ಹಾಡಿನಲ್ಲಿ ಸ್ವರ ಎಷ್ಟು ಹೊತ್ತು ನಿಲ್ಲಬೇಕೆನ್ನುವುದನ್ನು ಭಾಷೆಯೇ ಹೇಳಿಕೊಡುತ್ತದೆ. ಕನ್ನಡದ ಕಿವಿಗೆ ಅದು ಬೇಗ ಹಿಡಿಸುವುದಕ್ಕೆ ಇದೂ ಒಂದು ಕಾರಣವಿರಬೇಕು.

ಈಗ ರೌತವಾರಾ. ಇವರ ಬಗ್ಗೆ ಬರೆಯಲು ಕೂತರೆ ಎಲ್ಲಿ ಶುರುಮಾಡಬೇಕೋ ಎಲ್ಲಿ ನಿಲ್ಲಿಸಬೇಕೋ ತೋಚುವುದಿಲ್ಲ! ಹುಟ್ಟಿದ್ದು 1928ರಲ್ಲಿ, ಹೆಲ್ಸಿಂಕಿಯಲ್ಲಿ. ತಂದೆ ಗಾಯಕರು. ಪ್ರಾಯ ತುಂಬುವ ಮೊದಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗ. 1955ರಲ್ಲಿ, 90ರ ಅಂಚಿನಲ್ಲಿದ್ದ ಸಿಬೇಲಿಯಸ್‌ಗೆ ಯುವ ರಚನಕಾರನೊಬ್ಬನನ್ನು ಅಮೆರಿಕದ ವ್ಯಾಸಂಗಕ್ಕೆ ಆರಿಸುವ ಅವಕಾಶ ಸಿಕ್ಕಾಗ ಅವರು ಆರಿಸಿದ್ದು ಈ ಹುಡುಗನನ್ನೇ.

ಆದರೆ ಅದಕ್ಕೂ ಹಿಂದಿನ ಘಟನೆಯೊಂದಿದೆ. 1939ರ ಬೇಸಿಗೆಯಲ್ಲಿ, ಹತ್ತು ವರ್ಷದ ರೌತವಾರಾ ಮನೆಯವರ ಜೊತೆ ಲಾದೊಗಾ ಸರೋವರದ ವಾಲಮೊ ದ್ವೀಪಕ್ಕೆ ಹೋಗಿದ್ದ. ಅಲ್ಲಿ ಆರ್ಥೊಡಾಕ್ಸ್ ಸಂನ್ಯಾಸಿಗಳ ದೊಡ್ಡ ಮಠ. ನೀರಿನ ನಡುವೆ ಗೋಪುರಗಳು, ಗಂಟೆಗಳ ಮೊಳಗು, ಕಪ್ಪು ನಿಲುವಂಗಿಯ ಗಡ್ಡಧಾರಿಗಳು, ಬಂಗಾರ ಬಣ್ಣದ ಪವಿತ್ರ ಚಿತ್ರಗಳು. ಲೂಥರನ್ ಮನೆಯ ಹುಡುಗನಿಗೆ ಅದೊಂದು ಬೇರೆಯೇ ಲೋಕ. ಕೆಲವೇ ತಿಂಗಳಲ್ಲಿ, ನವೆಂಬರ್ 30ಕ್ಕೆ, ಸೋವಿಯತ್ ಒಕ್ಕೂಟದೊಡನೆ ಚಳಿಗಾಲದ ಯುದ್ಧ ಶುರುವಾಯಿತು. ಸಂನ್ಯಾಸಿಗಳು ಮಠ ತೊರೆದು ಹೆಯ್ನಾವೆಸಿಗೆ ಬಂದರು. ದ್ವೀಪ ಗಡಿಯಾಚೆ ಹೋಯಿತು. ಹುಡುಗ ಕಂಡ ಲೋಕ ಅವನ ನೆನಪಿನಲ್ಲಷ್ಟೇ ಉಳಿಯಿತು.

ಮೂರು ದಶಕ ದಾಟಿದ ಮೇಲೆ ಹೆಲ್ಸಿಂಕಿ ಉತ್ಸವ ಮತ್ತು ಫಿನ್‌ಲ್ಯಾಂಡಿನ ಆರ್ಥೊಡಾಕ್ಸ್ ಚರ್ಚು ಸೇರಿ ಅವರಿಗೊಂದು ಕೆಲಸ ಒಪ್ಪಿಸಿದವು. ರಾತ್ರಿ ಜಾಗರಣೆಯ ಪ್ರಾರ್ಥನೆಗೆ ಸಂಗೀತ ಬೇಕು. ಅದೇ 'ವಿಗಿಲಿಯಾ', 1971 ಮತ್ತು 1972ರಲ್ಲಿ ಹೆಲ್ಸಿಂಕಿಯ ಉಸ್ಪೆನ್ಸ್ಕಿ ಕ್ಯಾಥೆಡ್ರಲ್‌ನಲ್ಲಿ ಹಾಡಿದ್ದು. ಆರ್ಥೊಡಾಕ್ಸ್ ಚರ್ಚಿನಲ್ಲಿ ವಾದ್ಯ ಸಲ್ಲದು. ಏನಿದ್ದರೂ ಕೊರಳೇ ಆಗಬೇಕು. ರೌತವಾರಾ ಆ ಕಟ್ಟನ್ನೇ ಬಲವಾಗಿ ಮಾಡಿಕೊಂಡರು. ಗಂಟೆ ಬೇಕೆ, ಕೊರಳಿನಿಂದ. ಗಾಳಿ ಬೇಕೆ, ಕೊರಳಿನಿಂದ. ನೆಲಮಾಳಿಗೆಯಿಂದ ಬಂದಂತೆ ಕೇಳುವ ಅತಿ ಮಂದ್ರದ ಗಂಡುದನಿ, ಪಿಸುಗುಡುವ ಗುಂಪು, ಒಂದು ಸ್ವರದಿಂದ ಇನ್ನೊಂದಕ್ಕೆ ನಮ್ಮ ಗಮಕದ ಜಾರಿನ ಹಾಗೆ ಜಾರುವ ಇಡೀ ವೃಂದ, ಎರಡು ಸ್ವರಸ್ಥಾನಗಳ ನಡುವಿನ ಸಂದಿಗಳಲ್ಲಿ ಅಲೆಯುವ ರಾಗ. ಇನ್ನು 'ಕ್ಲಸ್ಟರ್' ಎಂಬುದೊಂದಿದೆ. ಷಡ್ಜ, ಶುದ್ಧ ರಿಷಭ, ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಇವನ್ನೆಲ್ಲ ಬೇರೆ ಬೇರೆ ಜನ ಒಂದೇ ಕ್ಷಣದಲ್ಲಿ ಹಿಡಿದು ನಿಂತರೆ ಹೇಗಿರುತ್ತದೆ ಎಂದು ಊಹಿಸಿ. ಕೆಟ್ಟದಾಗಿ ಕೇಳಬೇಕಲ್ಲವೆ? ಇಲ್ಲ! ಸರಿಯಾದ ಜಾಗದಲ್ಲಿ, ಸರಿಯಾದ ಮೆಲುದನಿಯಲ್ಲಿ ಬಂದಾಗ ಅದು ಹೊಗೆಯಾಡುವ ಬೆಳಕಾಗುತ್ತದೆ. ಒಂದೇ ಎಳೆಯ ರಾಗದಲ್ಲಿ, ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿ ನನ್ನದು. ಒತ್ತಾಗಿ ನಿಂತ ಸ್ವರಗಳಲ್ಲಿ ಇಂಥ ಸೌಖ್ಯವಿದೆಯೆಂದು ನನಗೆ ತೋರಿಸಿಕೊಟ್ಟದ್ದು 'ವಿಗಿಲಿಯಾ'.

ಅದು ದೀರ್ಘವಾದ ಕೃತಿ, ತಾಳ್ಮೆ ಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ ಅದೇ ರೌತವಾರಾ 1973ರಲ್ಲಿ ಆರೇಳು ನಿಮಿಷದ ಒಂದು ಮಿಂಚು ಕೊಟ್ಟಿದ್ದಾರೆ: 'ಲೊರ್ಕಾ ಸೂಟ್'. ಸ್ಪೇನಿನ ಕವಿ ಲೊರ್ಕಾನ ನಾಲ್ಕು ಕವಿತೆಗಳು, ಸ್ಪಾನಿಶ್ ಭಾಷೆಯಲ್ಲೇ. ಮೊದಲನೆಯದರಲ್ಲಿ ಒಬ್ಬ ಸವಾರ ಕಾರ್ಡೊಬಾ ಊರಿಗೆ ಹೊರಟಿದ್ದಾನೆ, ತಾನೆಂದೂ ಅಲ್ಲಿಗೆ ತಲುಪುವುದಿಲ್ಲವೆಂದು ಅವನಿಗೆ ಗೊತ್ತು. ಕೆಳಗಿನ ದನಿಗಳು ಬಿಡದೆ ಕುದುರೆಯ ಓಟ ಹಿಡಿದುಕೊಂಡಿರುತ್ತವೆ. ಎರಡನೆಯದು ಬೆಟ್ಟದಿಂದ ಬೆಟ್ಟಕ್ಕೆ ಹಾರುವ ಒಂದು ಚೀತ್ಕಾರ. ಆ ಚೀತ್ಕಾರವನ್ನು ಗಾಯಕರು ಜಾರುಸ್ವರದಲ್ಲಿ ಎಸೆಯುತ್ತಾರೆ, ಅದು ಹೋಗಿ ಎಲ್ಲೋ ಬಡಿದು ಮರಳಿ ಬರುತ್ತದೆ. ಮೂರನೆಯದರಲ್ಲಿ ಚಂದ್ರ ಏಳುತ್ತಾನೆ. ನಾಲ್ಕನೆಯದರಲ್ಲಿ ಸಾವು ಹೆಂಡದಂಗಡಿಯ ಒಳಗೆ ಹೊರಗೆ ಓಡಾಡುತ್ತಿದೆ. ಮುಗಿಯಿತು! ಉತ್ತರ ಧ್ರುವದ ಹತ್ತಿರದ ಒಬ್ಬ ಮನುಷ್ಯ ಸ್ಪೇನಿನ ಬಿಸಿಲನ್ನೂ ಸಾವನ್ನೂ ಇಷ್ಟು ಚಿಕ್ಕ ಜಾಗದಲ್ಲಿ ಹೇಗೆ ತುಂಬಿದ?

ಪೆಕ್ಕಾ ಕೊಸ್ತಿಯಾಯ್ನೆನ್ ಅವರ 'ಯಾಕೊಬಿನ್ ಪೊಯತ್' ಇನ್ನೊಂದು ಬಗೆಯ ಸೋಜಿಗ. ಬೈಬಲ್ಲಿನ ಯಾಕೋಬನಿಗೆ ಹನ್ನೆರಡು ಗಂಡುಮಕ್ಕಳು. ಆ ಹೆಸರುಗಳೇ ಹೆಚ್ಚುಕಡಿಮೆ ಇಡೀ ಸಾಹಿತ್ಯ. ಹೆಸರು ಕೂಗಿ ಕೂಗಿ, ತಾಳ ಬದಲಿಸಿ, ಎತ್ತಿ ಇಳಿಸಿ, ಕೊಸ್ತಿಯಾಯ್ನೆನ್ ಅದನ್ನೊಂದು ಕುಣಿತವಾಗಿಸುತ್ತಾರೆ. ಮ್ಯಾಗ್ನುಸ್ ಲಿಂಡ್‌ಬೆರ್ಗ್ ಅವರ 'ಗ್ರಾಫಿಟಿ' 2009ರಲ್ಲಿ ಮೊದಲು ಹಾಡಿಕೆಯಾಯಿತು. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೆಯಿ ಊರಿನ ಗೋಡೆಗಳ ಮೇಲೆ ಜನ ಗೀಚಿದ್ದ ಸಾಲುಗಳೇ ಅದರ ಸಾಹಿತ್ಯ. ಎರಡು ಸಾವಿರ ವರ್ಷದ ಹಿಂದೆ ಯಾರೋ ಗೋಡೆ ಮೇಲೆ ಬರೆದದ್ದನ್ನು ಇವತ್ತು ಆರ್ಕೆಸ್ಟ್ರಾದ ಜೊತೆ ನಿಂತು ಹಾಡುತ್ತಾರೆ.

ಅರ್ಥವಿರುವ ಮಾತನ್ನೂ ಬಿಟ್ಟು ನೋಡಿದವರು ಎರಿಕ್ ಬೆರ್ಗ್‌ಮನ್. ದಶಕಗಳ ಕಾಲ ಗಂಡಸರ ಕಾಯರ್‌ಗಳನ್ನು ನಡೆಸಿದವರು, ಆ ಅನುಭವದಿಂದಲೇ ಕೊರಳಿನ ಮೂಲೆ ಮೂಲೆ ಬಲ್ಲವರು. 1960ರ 'ಫಿಯರ್ ಗಾಲ್ಗೆನ್‌ಲೀಡರ್' ಎಂಬ ಕೃತಿಯಲ್ಲಿ ಅವರು ವೃಂದವನ್ನು ಹಾಡಿಸುವುದಕ್ಕಿಂತ ಮಾತಾಡಿಸಿದರು, ಆ ಮಾತಿಗೇ ತಾಳ ಏರಿಳಿತಗಳನ್ನು ಬರೆದರು. 1975ರ 'ಲಾಪೋನಿಯಾ'ದಲ್ಲಿ ಅರ್ಥವಿರುವ ಪದಗಳನ್ನೇ ಬಿಟ್ಟು, ಬರೀ ಉಚ್ಚಾರಗಳಿಂದ ಉತ್ತರದ ಲಾಪ್‌ಲ್ಯಾಂಡಿನ ಕತ್ತಲ ಚಳಿಗಾಲ, ಮುಳುಗದ ಸೂರ್ಯನ ಬೇಸಿಗೆ ರಾತ್ರಿ, ಬೋಳುಗುಡ್ಡದ ಬಿರುಗಾಳಿ ಎಲ್ಲವನ್ನೂ ತಂದರು. ಆ ಸೀಮೆಯ ಸಾಮಿ ಜನರ 'ಯೊಯ್ಕ್' ಹಾಡಿಕೆಯ ನೆರಳು ಅದರಲ್ಲಿದೆ. ಮ್ಯಾಂಟಿಯಾರ್ವಿಯ 1994ರ 'ಸೂಡೊ ಯೊಯ್ಕ್' ಕೂಡ ಆ ಹೆಸರು ಹೊತ್ತಿದೆ. ಆದರೆ ಅದು ನಿಜವಾದ ಸಾಮಿ ಹಾಡಲ್ಲ, ಹೊರಗಿನವರ ತಲೆಯಲ್ಲಿರುವ ಕಲ್ಪನೆಯ ಯೊಯ್ಕ್ ಎಂದು ರಚನಕಾರರೇ ಹೇಳಿದ್ದಾರೆ. ಅರ್ಥವಿಲ್ಲದ ಅಕ್ಷರಗಳು, ಚಿಮ್ಮುವ ಲಯ, ಹಾಡುವವರಿಗೆ ಹಬ್ಬ. ಆದರೂ ಇದನ್ನು ಕೇಳಿದವರು ಒಮ್ಮೆ ಸಾಮಿ ಗಾಯಕರ ಅಸಲಿ ಯೊಯ್ಕ್ ಕೇಳಲೇಬೇಕು ಎನ್ನುತ್ತೇನೆ. ಅದರ ಆಳವೇ ಬೇರೆ.

ಇನ್ನು ಔಲು ಪಟ್ಟಣದ ಗಂಡಸರು! 1987ರಲ್ಲಿ ಪೆತ್ರಿ ಸಿರ್ವಿಯೊ ಅಲ್ಲಿ ಒಂದು ಕಾಯರ್ ಕಟ್ಟಿದರು. ಅದರ ಹೆಸರು 'ಮಿಯೆಸ್ಕುವೊರೊ ಹೂತಾಯತ್'. ಇವರು ಹಾಡುವುದೇ ಇಲ್ಲ, ಅರಚುತ್ತಾರೆ. ಕಪ್ಪು ಸೂಟು, ಬಿಳಿ ಅಂಗಿ, ಕೊರಳಲ್ಲಿ ಕಪ್ಪು ರಬ್ಬರಿನ ಟೈ, ಸೇನೆಯ ಶಿಸ್ತಿನ ಸಾಲು. ನಿರ್ದೇಶಕನ ಕೈ ಏಳುತ್ತದೆ, ಅಷ್ಟೂ ಗಂಡಸರು ಒಂದೇ ಏಟಿಗೆ ರಾಷ್ಟ್ರಗೀತೆಯನ್ನೋ ಮಕ್ಕಳ ಪದ್ಯವನ್ನೋ ಕಾನೂನಿನ ಕಲಮನ್ನೋ ಗಂಟಲು ಹರಿಯುವಂತೆ ಕೂಗುತ್ತಾರೆ. ಒಂದು ಅಕ್ಷರ ಹಿಂದೆ ಮುಂದೆ ಆಗುವುದಿಲ್ಲ. ಸ್ವರ ಕಳೆದರೂ ಲಯ, ಬಿಗುವು, ಏರಿಳಿತ, ಮೌನ ಎಲ್ಲ ಉಳಿದಿವೆ. ಇದು ಸಂಗೀತ ಹೌದೋ ಅಲ್ಲವೋ ಎಂಬ ಚರ್ಚೆ ಕೂಗು ಶುರುವಾದ ಮರುಕ್ಷಣವೇ ಮರೆತುಹೋಗುತ್ತದೆ. ಇವರ ಬಗ್ಗೆ ಮಿಕಾ ರೊಂಕಾಯ್ನೆನ್ 2003ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದ್ದಾರೆ.

ಕೊರಳಿನ ಮೇಲಿನ ಈ ನಂಬಿಕೆ ಏಕಾಏಕಿ ಆಕಾಶದಿಂದ ಉದುರಿದ್ದಲ್ಲ. ಎಲಿಯಾಸ್ ಲೊನ್‌ರೂತ್ ಹಳ್ಳಿಹಳ್ಳಿ ಅಲೆದು ಜನಪದ ಹಾಡುಗಳನ್ನು ಕೂಡಿಸಿ 1835ರಲ್ಲಿ, ಆಮೇಲೆ ಹಿಗ್ಗಿಸಿ 1849ರಲ್ಲಿ ಪ್ರಕಟಿಸಿದ 'ಕಾಲೆವಾಲಾ' ಮಹಾಕಾವ್ಯದಲ್ಲಿ ಮುದುಕ ವೈನಮೊಯ್ನೆನ್‌ಗೂ ಸೊಕ್ಕಿನ ಹುಡುಗ ಯೌಕಹಾಯ್ನೆನ್‌ಗೂ ಜಗಳ ಬೀಳುತ್ತದೆ. ಹುಡುಗ ಕತ್ತಿ ಹಿಡಿಯೋಣವೆನ್ನುತ್ತಾನೆ. ಮುದುಕ ಹಾಡುತ್ತಾನೆ. ಹಾಡಿ ಹಾಡಿಯೇ ಅವನನ್ನು ಜೌಗಿನಲ್ಲಿ ಕಂಠಮಟ್ಟ ಹೂತುಬಿಡುತ್ತಾನೆ! ಕೊರಳಿಗೆ ಅಷ್ಟು ಶಕ್ತಿ ಇದೆಯೆಂದು ನಂಬುವ ಕಾವ್ಯವನ್ನು ಶಾಲೆಯಲ್ಲಿ ಓದಿ ಬೆಳೆದ ರಚನಕಾರ ಕೊರಳನ್ನು ಲಘುವಾಗಿ ಕಾಣುವುದಾದರೂ ಹೇಗೆ?

ಕೊನೆಯದಾಗಿ ಕೈಯಾ ಸಾರಿಯಾಹೊ. 1952ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿ, 1982ರಿಂದ ಪ್ಯಾರಿಸ್‌ನಲ್ಲಿ ನೆಲೆಸಿ, ಕಂಪ್ಯೂಟರ್ ಮತ್ತು ವಾದ್ಯಗಳ ನಡುವೆ ಹೊಸ ಧ್ವನಿಗಳನ್ನು ಕಂಡುಹಿಡಿದ ಮಹಾನ್ ರಚನಕಾರ್ತಿ. 1991ರಲ್ಲಿ ಅವರು ನಾಲ್ಕು ದನಿ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಿಗೆ 'ನ್ವಿ, ಅದ್ಯೊ' ಎಂಬ ಕೃತಿ ಬರೆದರು. ಅಜ್ಜಿಯ ನೆನಪಿಗೆ ಅರ್ಪಿಸಿದ ರಚನೆ. 1996ರಲ್ಲಿ ಅದನ್ನೇ ಮತ್ತೆ ಬರೆದರು, ಈ ಸಲ ಯಂತ್ರಗಳನ್ನೆಲ್ಲ ತೆಗೆದುಹಾಕಿ. ಯಂತ್ರ ಮಾಡುತ್ತಿದ್ದ ಪ್ರತಿಧ್ವನಿ, ಮಸುಕು, ಹರಡುವಿಕೆ ಎಲ್ಲವನ್ನೂ ಈಗ ಒಂದು ಗಾಯನವೃಂದವೇ ಮಾಡುತ್ತದೆ. ಉಸಿರು ಎಳೆಯುವ ಸದ್ದು, ಬಿಡುವ ಸದ್ದು, ಅರ್ಧ ಮಾತು, ಅರ್ಧ ಸ್ವರ. ಎಲೆಕ್ಟ್ರಾನಿಕ್ಸನ್ನು ಮನುಷ್ಯರಿಗೆ ವಾಪಸು ಕೊಟ್ಟರಲ್ಲ! ಸಂಗೀತದಲ್ಲಿ ನಾನು ಕಂಡ ಅತ್ಯಂತ ಪ್ರೀತಿಯ ಕೆಲಸಗಳಲ್ಲಿ ಅದೊಂದು.

2020ರಲ್ಲಿ ಅವರು ಬರೆದ 'ರೆಕೊನೆಸಾನ್ಸ್' ಮಂಗಳಗ್ರಹದ ಹಾಡು. ಸಾಹಿತ್ಯ ಅವರ ಮಗ ಅಲೆಕ್ಸಿ ಬಾರ್ಯೇರ್ ಅವರದು. ವೃಂದದ ಜೊತೆ ಬರೀ ತಾಳವಾದ್ಯ, ಒಂದು ಡಬಲ್ ಬೇಸ್. ಆ ಕೆಂಪು ಗ್ರಹಕ್ಕೆ ಹೊರಟ ಮನುಷ್ಯ ಅಲ್ಲಿ ತನ್ನ ಭೂಮಿಯ ಮುಖವನ್ನೇ ನೋಡಿಕೊಳ್ಳುವ ಕಥೆ. ಸಾರಿಯಾಹೊ 2023ರ ಜೂನ್ 2ರಂದು ತೀರಿಕೊಂಡರು. ಈ ಕೃತಿಯನ್ನು ನಿಲ್ಸ್ ಶ್ವೆಕೆಂಡೀಕ್ ಅವರ ನಿರ್ದೇಶನದಲ್ಲಿ ಹೆಲ್ಸಿಂಕಿ ಚೇಂಬರ್ ಕಾಯರ್ ಹಾಡಿದ ಧ್ವನಿಮುದ್ರಿಕೆಗೆ 2024ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. 1962ರಲ್ಲಿ ರೇಡಿಯೊದ ಕಾಯರ್ ಆಗಿ ಶುರುವಾದ ವೃಂದ ಅದು.

ಕೇಳಬೇಕೆಂದು ಆಸೆಯಾದವರಿಗೆ ಒಂದು ದಾರಿ ಹೇಳುತ್ತೇನೆ. ಯೂಟ್ಯೂಬಿನಲ್ಲಿ ಮೊದಲು 'ಲೊರ್ಕಾ ಸೂಟ್' ಹಾಕಿ, ಅದು ಚಿಕ್ಕದು, ಹಿಡಿದು ಕೂರಿಸುತ್ತದೆ. ಅದಾದ ಮೇಲೆ ತಪಿಯೋಲಾದ ಮಕ್ಕಳು. 'ಕಾಂಟಿಕುಮ್' ಕೇಳುವಾಗ ಹೆಡ್‌ಫೋನ್ ಇರಲಿ. ಆ ಪಿಸುಮಾತು ಫೋನಿನ ಸ್ಪೀಕರಿನಲ್ಲಿ ಸಿಗುವುದಿಲ್ಲ. 'ವಿಗಿಲಿಯಾ'ಕ್ಕೆ ಒಂದು ಇಡೀ ರಾತ್ರಿ ಬಿಡುವು ಮಾಡಿಕೊಳ್ಳಿ. ಔಲುವಿನ ಗಂಡಸರನ್ನು ಮಾತ್ರ ನೆರೆಮನೆಯವರು ಎದ್ದಿರುವ ಹೊತ್ತಿನಲ್ಲಿ, ವಾಲ್ಯೂಮ್ ಪೂರ್ತಿ ಏರಿಸಿ ಕೇಳಿ.